ಪೈನ್ ಮರದ ಮುಳ್ಳುಹಂದಿ, ವಿಶ್ವಾಮಿತ್ರಿಯ ಮೊಸಳೆ

‘ಕ್ರಿಸ್‌ಮಸ್‌ನ ಹನ್ನೆರಡು ದಿನಗಳು’ ಎಂಬ ಇಂಗ್ಲಿಷ್ ಹಾಡು ಸುಮಾರು 1780ರಲ್ಲಿ ಲಂಡನ್ನಿನ ಒಂದು ಮಕ್ಕಳ ಪುಸ್ತಕದಲ್ಲಿ ಅಚ್ಚಾಯಿತು. ಆಗ ಅದು ನೆನಪಿನ ಆಟ. ದಿನಕ್ಕೊಂದು ಉಡುಗೊರೆ ಸೇರುತ್ತ ಹೋಗುತ್ತದೆ. ಪ್ರತಿ ಸಲವೂ ಹಿಂದಿನದನ್ನೆಲ್ಲ ಒಪ್ಪಿಸಬೇಕು, ತಡವರಿಸಿದವರು ದಂಡ ತೆರಬೇಕು. 2010ರಲ್ಲಿ ಕೆನಡಾದ ಲೇಖಕಿ ಹೆಲೇನ್ ಬೆಕರ್ ಇದನ್ನೇ ಹಿಡಿದು ಒಂದು ಚಿತ್ರಪುಸ್ತಕ ಮಾಡಿದರು. ಚಿತ್ರ ಬರೆದವರು ವರ್ನರ್ ಜಿಮರ್‌ಮನ್. ಪೇರ್ ಮರದ ಕವುಜುಗ ಹಕ್ಕಿ ಹೋಗಿ ಪೈನ್ ಮರದಲ್ಲಿ ಮುಳ್ಳುಹಂದಿ ಬಂತು. ಕ್ಯಾರಿಬೂ ಜಿಂಕೆಗಳು, ಬೀವರ್ ಬಾಲಗಳು ಬಂದವು. ಬೀವರ್ ಬಾಲ ಅಂದರೆ ಅಲ್ಲಿ ಸಕ್ಕರೆ ಉದುರಿಸಿದ ಒಂದು ಕರಿದ ತಿಂಡಿಯೂ ಹೌದು. ಹಾಡುವವರು ರಾಗ ಎಳೆದು ನಿಲ್ಲುವ ಐದು ಚಿನ್ನದ ಉಂಗುರಗಳ ಜಾಗದಲ್ಲಿ ಐದು ಸ್ಟ್ಯಾನ್ಲಿ ಕಪ್ ಕೂತವು. ಐಸ್ ಹಾಕಿಯ ಆ ಕಪ್ಪಿಗಾಗಿ ಇಡೀ ದೇಶ ಉಸಿರು ಬಿಗಿಹಿಡಿಯುತ್ತದೆ. ಅಲ್ಲಿನ ಮಗುವಿಗೆ ಚಿನ್ನಕ್ಕಿಂತ ಅದೇ ಹತ್ತಿರ, ಅದಕ್ಕೇ ನಗು.

ಈ ನಗುವನ್ನು ಹಗುರವಾಗಿ ಕಾಣಬಾರದು. ಹೊರಗಿನ ಹಾಡೊಂದು ಮಕ್ಕಳದಾಗುವುದು ಅವರ ಕಣ್ಣೆದುರಿನ ಪ್ರಾಣಿ, ತಿಂಡಿ, ಆಟಗಳು ಅದರೊಳಗೆ ನುಗ್ಗಿದಾಗಲೇ. ಗಿಜುಭಾಯಿ ಬಧೇಕಾ ಇದನ್ನು ಚೆನ್ನಾಗಿ ಬಲ್ಲವರು. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದ ಅವರು ಗುಜರಾತಿ ಮಕ್ಕಳಿಗೆ ಹೇಳಿದ ಕಥೆಗಳಲ್ಲಿ ಏಳು ಬಾಲದ ಇಲಿಯದೂ ಒಂದು. ಏಳು ಬಾಲ ಎಂದು ಓರಗೆಯವರು ಅಣಕಿಸುತ್ತಾರೆ, ಇಲಿ ಒಂದನ್ನು ಕತ್ತರಿಸಿಕೊಂಡು ಬರುತ್ತದೆ; ಮರುದಿನ ಆರು ಬಾಲ ಎಂದು ಅಣಕ. ಹೀಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಬಾಲವೇ ಇಲ್ಲ, ಅಣಕ ಮಾತ್ರ ಹಾಗೇ ಇದೆ. ಇಂಗ್ಲಿಷ್ ಹಾಡು ಏರುವ ಲೆಕ್ಕ, ಇದು ಇಳಿಯುವ ಲೆಕ್ಕ. ಎರಡರಲ್ಲೂ ಮುಂದೇನು ಬರುತ್ತದೆಂದು ಗೊತ್ತಿದ್ದೇ ಮಗು ಕಾಯುತ್ತದೆ.

ನಮ್ಮವರೊಬ್ಬರ ನಂಟೂ ಇಲ್ಲಿದೆ. ಬಳ್ಳಾರಿಯಲ್ಲಿ 1820ರಲ್ಲಿ ಹುಟ್ಟಿದ ಮಿಷನರಿ ಜೋಸೆಫ್ ವಾನ್ ಸೋಮರೆನ್ ಟೇಲರ್ ಗುಜರಾತಿಗೆ ಹೋಗಿ ಆ ಭಾಷೆಯಲ್ಲೇ ಬದುಕಿದರು. 1867ರಲ್ಲಿ ಅವರ ಗುಜರಾತಿ ವ್ಯಾಕರಣ ಬಂತು. ‘ಕಾವ್ಯಾರ್ಪಣ’ದಲ್ಲಿ ಕ್ರೈಸ್ತ ಭಕ್ತಿಗೀತೆಗಳನ್ನೂ ಗುಜರಾತಿಯಲ್ಲಿ ಕಟ್ಟಿದರು. ಬಳ್ಳಾರಿಯ ಕೂಸು ಅಲ್ಲಿಯ ಮಾತಿನಲ್ಲಿ ಹಾಡು ಬರೆಯಬಹುದಾದರೆ, ಅಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳು ಅಲ್ಲಿಯ ಸಂಗತಿಗಳನ್ನು ಕನ್ನಡದಲ್ಲಿ ಏಕೆ ಹಾಡಬಾರದು?

ಸಾಮಗ್ರಿಗೆ ಬರವಿಲ್ಲ. ವಡೋದರಾದ ನಡುವೆಯೇ ಹರಿಯುವ ವಿಶ್ವಾಮಿತ್ರಿಯಲ್ಲಿ ಮೊಸಳೆಗಳಿವೆ; ನೆರೆ ಬಂದರೆ ಬೀದಿಗೇ ಬರುತ್ತವೆ. ಆಲದ ಮರ ಹೇಗೂ ಊರಿನ ಹೆಸರಲ್ಲೇ ಇದೆ, ಮೊಸಳೆಯನ್ನು ಅದರ ಮೇಲೆ ಹತ್ತಿಸಿದರೆ ಮೊದಲ ದಿನದ ಉಡುಗೊರೆ ಸಿದ್ಧ. ಸೂರತ್ತಿನಲ್ಲಿ ಚಳಿಗಾಲಕ್ಕೆ ಎಳೆಜೋಳದ ಪೊಂಕ್ ಬರುತ್ತದೆ. ಕೆಂಡದಲ್ಲಿ ಸುಟ್ಟು ಬಡಿದು ತೆಗೆದ ಹಸಿರು ಕಾಳು, ಬಿಸಿಯಿರುವಾಗಲೇ ಸೇವಿನೊಡನೆ ಬಾಯಿಗೆ. ಧಾರವಾಡ, ವಿಜಯಪುರ ಕಡೆಯ ಅಜ್ಜಿಯರಿಗೆ ಅದು ಹೊಲದ ಸೀತನಿಯೇ. ಅಹಮದಾಬಾದಿನಲ್ಲಿ ಡಿಸೆಂಬರ್ ಮುಗಿಯುತ್ತಿದ್ದಂತೆ ರಸ್ತೆಬದಿಯ ಕಂಬದಿಂದ ಕಂಬಕ್ಕೆ ನೂಲು ಬಿಗಿದು, ಗಾಜಿನ ಪುಡಿ ಬೆರೆಸಿದ ಗುಲಾಬಿ ಅಂಟನ್ನು ಕೈಯಲ್ಲಿ ಹಿಡಿದು ಸವರುತ್ತ ನಡೆಯುವವರು ಕಾಣುತ್ತಾರೆ. ಜನವರಿ 14ರ ಉತ್ತರಾಯಣದ ಗಾಳಿಪಟಕ್ಕೆ ಅದು ಮಾಂಜಾ. ಅವರ ಬೆರಳಿಗೆ ಸುತ್ತಿದ ಪಟ್ಟಿಗಳನ್ನೂ ಮಕ್ಕಳು ಗಮನಿಸಿಯೇ ಇರುತ್ತಾರೆ. ಐದು ಚಿನ್ನದ ಉಂಗುರಗಳ ಜಾಗಕ್ಕೆ ಏನು ಬರಬೇಕೆಂದು ನಾನು ಹೇಳುವುದಿಲ್ಲ, ಅದು ಅವರ ಹಕ್ಕು.

ಮುಂದಿನ ಸಂಚಿಕೆಯ ಮಕ್ಕಳ ಪುಟಗಳನ್ನು ಇಂಥ ಎಣಿಕೆ ಹಾಡುಗಳಿಗೆಂದೇ ಬಿಟ್ಟಿದ್ದೇವೆ. ಈ ಮೂರೂ ಊರುಗಳ ಕನ್ನಡದ ಮನೆಗಳಿಂದ ಬರಲಿ. ನಡುವೆ ಗುಜರಾತಿ ಮಾತು ಬಂದರೆ ಇರಲಿ, ಪ್ರಾಸ ತಪ್ಪಿದರೂ ಇರಲಿ. ಅಪ್ಪ ಅಮ್ಮಂದಿರು ದಯವಿಟ್ಟು ತಿದ್ದದೆ, ಮಗು ಹೇಳಿದಂತೆಯೇ ಬರೆದು ಕಳುಹಿಸಬೇಕು, ಚಿತ್ರವಿದ್ದರೆ ಜೊತೆಗಿರಲಿ.