ಲೆಕ್ಕದಲ್ಲಿ ನಮಗೆಲ್ಲ ಕೆಲಸವಿದೆಯಂತೆ!

ದೇಶದಲ್ಲಿ ನಿರುದ್ಯೋಗ ಕರಗುತ್ತಿದೆಯಂತೆ. ದಿಲ್ಲಿಯ ಲೆಕ್ಕ ಹಾಗೆ ಹೇಳುತ್ತದೆ. ಕೇಂದ್ರ ಸರ್ಕಾರದ ಶ್ರಮಶಕ್ತಿ ಸಮೀಕ್ಷೆಯ ಪ್ರಕಾರ 2017-18ರಲ್ಲಿ ನೂರಕ್ಕೆ 6 ಇದ್ದ ನಿರುದ್ಯೋಗ 2023-24ರಲ್ಲಿ 3.2ಕ್ಕೆ ಇಳಿಯಿತು. ಅಂದರೆ ದುಡಿಯಲು ಬಂದ ನೂರು ಜನರಲ್ಲಿ ತೊಂಬತ್ತಾರಕ್ಕೂ ಹೆಚ್ಚು ಮಂದಿಗೆ ಕೆಲಸ ಸಿಕ್ಕಿಬಿಟ್ಟಿದೆ! ಹಾಗಾದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ನಮ್ಮ ಕೇರಿಗಳ ಜನ ಯಾಕೆ ಇನ್ನೂ ಸಾಲದಲ್ಲೇ ಹುಟ್ಟಿ ಸಾಲದಲ್ಲೇ ಸಾಯುತ್ತಿದ್ದಾರೆ?

ಮೊದಲು ಈ 'ಕೆಲಸ' ಅಂದರೇನು ಅಂತ ಕೇಳೋಣ. ಆ 3.2ರ ಲೆಕ್ಕದಲ್ಲಿ ವರ್ಷಕ್ಕೆ ಮೂವತ್ತು ದಿನ ದುಡಿದವನೂ ಉದ್ಯೋಗಿ. ವಾರದ ಲೆಕ್ಕ ಇನ್ನೊಂದಿದೆ. ಅದರಲ್ಲಿ ಏಳು ದಿನದೊಳಗೆ ಒಂದೇ ಒಂದು ಗಂಟೆ ದುಡಿದರೂ ಸಾಕು, ಉದ್ಯೋಗಿ. ಮನೆಯ ಕಸುಬಿಗೆ ಕೈಜೋಡಿಸಿ ಬಿಡಿಗಾಸೂ ಕಾಣದ ಹೆಣ್ಣುಮಗಳೂ ಉದ್ಯೋಗಿ. ಶಿಡ್ಲಘಟ್ಟದ ಕಡೆ ಹುಳು ಸಾಕುವ ಮನೆಗಳನ್ನು ನೋಡಿ. ರಾತ್ರಿ ಎದ್ದು ಸೊಪ್ಪು ಹಾಕೋಳು, ತಟ್ಟೆ ಶುಚಿ ಮಾಡೋಳು, ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡೋಳು ಅವಳು. ಗೂಡು ಮಾರಿದ ದುಡ್ಡು ಎಣಿಸೋನು ಬೇರೆ. ಉದ್ಯೋಗದ ಕಾಲಂನಲ್ಲಿ ಅವಳಿದ್ದಾಳೆ, ಸಂಪಾದನೆಯ ಕಾಲಂನಲ್ಲಿ ಇಲ್ಲ.

ಆ ಗೂಡು ನೂಲಾಗುವ ಕಡೆಗೂ ಬನ್ನಿ. ಕುದಿವ ನೀರಲ್ಲಿ ಬೆಂದ ಗೂಡಿನ ಎಳೆ ಹುಡುಕಿ ಹುಡುಕಿ ಬೆರಳೆಲ್ಲ ಬೊಬ್ಬೆ. ಸತ್ತ ಹುಳದ ನಾತ, ಹಬೆ. ಮದುವೆಗೋ ಆಸ್ಪತ್ರೆಗೋ ಮಾಲೀಕನ ಹತ್ತಿರ ಮುಂಗಡ ತಗೊಂಡವರು ಎಷ್ಟೋ ಮಂದಿ. ಬೇರೆ ಕಡೆ ಹೋಗ್ತೀನಿ ಅಂದರೆ, "ಬಾಕಿ ಬಿಸಾಕಿ ಹೋಗು." ಬಿಟ್ಟುಹೋಗಲಾರದ ಕೆಲಸವೂ ಕೆಲಸವೇ? ದಿಲ್ಲಿಯ ಲೆಕ್ಕಕ್ಕೆ ಹೌದು.

ಗೌರಿಬಿದನೂರಿನ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು 'ತಿಂಗಳ ಸಂಬಳದವರು'. ಬೇಸಾಯದ ಹೊರಗೆ ಹೀಗೆ ಸಂಬಳಕ್ಕಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬರಹದ ಕರಾರೇ ಇಲ್ಲ ಅಂತ ಅದೇ ಸಮೀಕ್ಷೆಯ ಒಳಪುಟ ಹೇಳುತ್ತದೆ. ಆ ಪುಟವನ್ನು ಮಂತ್ರಿಗಳು ಭಾಷಣದಲ್ಲಿ ಓದುವುದಿಲ್ಲ. ಚಿಂತಾಮಣಿಯಲ್ಲಿ ಟೊಮೆಟೊ ಕುಯ್ಲಿದ್ದರೆ ಕೂಲಿ. ಬೆಲೆ ಬಿದ್ದು ಹಣ್ಣು ರಸ್ತೆಗೆ ಸುರಿದ ದಿನ ಕೂಲಿಯೂ ಇಲ್ಲ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಕಲ್ಲುಗಣಿಯ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಜೀವ ತೆಗೆಯುವ ಕೆಲಸಕ್ಕೂ ಜೀವ ಉಳಿಸುವ ಕೆಲಸಕ್ಕೂ ಲೆಕ್ಕದಲ್ಲಿ ಒಂದೇ ಗೀಟು.

ಈ ಕಣ್ಕಟ್ಟು ಹೊಸದಲ್ಲ. 1976ರ ಕಾಯಿದೆ ಜೀತವನ್ನು ರದ್ದು ಮಾಡಿತು. 1978ರ ಸುಮಾರಿಗೆ ಜೀತದಾಳುಗಳನ್ನು ಎಣಿಸಿದರು. ಸರ್ಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಗೆ ಸಿಕ್ಕವರು ಸುಮಾರು 3.43 ಲಕ್ಷ. ಗಾಂಧಿ ಶಾಂತಿ ಪ್ರತಿಷ್ಠಾನ ಮತ್ತು ರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕರ್ನಾಟಕವೂ ಸೇರಿ ಹತ್ತೇ ರಾಜ್ಯಗಳಲ್ಲಿ ಹುಡುಕಿದಾಗ 26 ಲಕ್ಷಕ್ಕೂ ಮೇಲೆ! ಉಳಿದ ಇಪ್ಪತ್ತೆರಡು ಲಕ್ಷ ಜನ ಎಲ್ಲಿದ್ದರು? ಧಣಿಗಳ ಕೊಟ್ಟಿಗೆಯಲ್ಲೇ ಇದ್ದರು. ಒಡೆಯನ ಜಗಲಿ ಮೇಲೆ ಕೂತು ಕೇಳಿದರೆ ಆಳು ನಿಜ ಹೇಳ್ತಾನಾ?

1982ರಲ್ಲಿ ಏಷ್ಯಾಡ್ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ, ಸಂವಿಧಾನದ 23ನೇ ವಿಧಿಗೆ ವಿರುದ್ಧ. ಬೆನ್ನ ಹಿಂದೆ ಚಾಟಿ ಇರಬೇಕಿಲ್ಲ, ಹೊಟ್ಟೆಯೊಳಗಿನ ಹಸಿವೂ ಬಲವಂತವೇ. ಹಾಗಾದರೆ ಅರೆಕೂಲಿಗೆ ದುಡಿಯುವ ನಮ್ಮವನು ಕೋರ್ಟಿನ ಮಾತಿನಲ್ಲಿ ಬಲವಂತದ ಆಳು, ಸಮೀಕ್ಷೆಯ ಮಾತಿನಲ್ಲಿ ಉದ್ಯೋಗಿ. ಎರಡೂ ಒಂದೇ ಪ್ರಭುತ್ವದ ಬಾಯಿ!

ಗೆಳೆಯರೇ, ಅವರ ಲೆಕ್ಕವನ್ನು ಬೈದುಕೊಂಡು ಕೂತರೆ ಆಗದು. ನಮ್ಮ ಲೆಕ್ಕ ನಾವು ಬರೆಯಬೇಕು. ಗಣತಿಗೆ ಮನೆಮನೆ ಸುತ್ತಿದ ಮೇಷ್ಟ್ರುಗಳಿದ್ದೀರಿ, ರಜೆಗೆ ಊರಿಗೆ ಬರುವ ಹುಡುಗ ಹುಡುಗಿಯರಿದ್ದೀರಿ. ಜಗಲಿ ಬಿಟ್ಟು ಗುಡಿಸಲಲ್ಲಿ ಕೂತು ಕೇಳಿ: ಎಷ್ಟು ಗಂಟೆ ದುಡಿದೆ? ಕೈಗೆ ಎಷ್ಟು ಬಂತು? ಮುಂಗಡ ಎಷ್ಟು? ಬಿಟ್ಟು ಹೋಗ್ತೀನಿ ಅಂದ್ರೆ ಬಿಡ್ತಾರಾ? ಬರೆದುಕೊಳ್ಳಿ. ಕಾಯಿದೆ ಪ್ರಕಾರ ಜೀತದ ಸಾಲ ಸಾಲವೇ ಅಲ್ಲ, ತೀರಿಸಬೇಕಿಲ್ಲ. ಇದು ಜೀತದ ಸಾಲ ಅಂತ ಆಳು ಹೇಳಿದರೆ, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ಇದನ್ನು ಕೇರಿಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಆಳು ಒಪ್ಪಿದ ಮೇಲೆ ಪಟ್ಟಿಯನ್ನು ಉಪವಿಭಾಗದ ಜಾಗೃತಿ ಸಮಿತಿಯ ಮುಂದಿಡಿ. ಒಬ್ಬೊಬ್ಬರೇ ಹೋಗಬೇಡಿ, ಕೇರಿಗೆ ಕೇರಿಯೇ ಹೋಗಲಿ. ಆಗ ಅವರು ಎಣಿಸಲೇಬೇಕಾಗುತ್ತದೆ.