ಬ್ಲಾಕ್ ಮಾಡುವುದು ಬೇರೆ, ಹೊರಗಟ್ಟುವುದು ಬೇರೆ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಸೇರಿಸಿ ನಮ್ಮದೊಂದು ಕನ್ನಡಿಗರ ವಾಟ್ಸ್‌ಆ್ಯಪ್ ಬಳಗವಿದೆ. 2020ರ ಲಾಕ್‌ಡೌನ್‌ನಲ್ಲಿ ಹುಟ್ಟಿದ್ದು. ಯಾರ ಮನೆಗೆ ಔಷಧಿ ಬೇಕು, ಊರಿಗೆ ಹೋಗಲು ಪಾಸ್ ಎಲ್ಲಿ ಸಿಗುತ್ತದೆ ಎಂದು ಕೇಳಿಕೊಳ್ಳಲು ಶುರುವಾದ ಬಳಗದಲ್ಲಿ ಈಗ 400ಕ್ಕೂ ಹೆಚ್ಚು ಜನರಿದ್ದಾರೆ. ಮೂವರು ಅಡ್ಮಿನ್‌ಗಳಲ್ಲಿ ನಾನೂ ಒಬ್ಬ. ಮನೆ ಡೊಂಬಿವಲಿ, ಆಫೀಸು ಐರೋಲಿ. ಥಾಣೆಯಲ್ಲಿ ಲೋಕಲ್ ಬದಲಿಸುವ ಹೊತ್ತಿಗೆ ಬಳಗದ ಜಗಳ ಬಿಡಿಸುವುದು ನನ್ನ ಸಂಬಳವಿಲ್ಲದ ಎರಡನೇ ಉದ್ಯೋಗ.

ಕಳೆದ ವರ್ಷ ಸದಸ್ಯರೊಬ್ಬರ ಚಿಕಿತ್ಸೆಗೆಂದು ಬಳಗದಲ್ಲಿ ಹಣ ಕೂಡಿಸಿದೆವು. ಉಲ್ಲಾಸನಗರದ ಕಡೆಯ ಒಬ್ಬ ಹೆಣ್ಣುಮಗಳು ಅದರ ಲೆಕ್ಕ ಕೇಳಿದರು. ಒಮ್ಮೆಯಲ್ಲ, ನಾಲ್ಕು ದಿನ ಬಿಡದೆ ಕೇಳಿದರು. ಐದನೇ ದಿನ ಮಾತು ಸ್ವಲ್ಪ ಖಾರವಾಯಿತು. ಉಳಿದ ಇಬ್ಬರು ಅಡ್ಮಿನ್‌ಗಳು ‘ಸುಮ್ಮನೆ ತಲೆನೋವು, ನಾಳೆ ಯಾರಾದರೂ ಕೇಸು ಹಾಕಿದರೆ ನಮ್ಮ ಮೇಲೇ ಬೀಳುತ್ತದೆ’ ಎಂದರು. ಹೆಸರು ಒತ್ತಿ ಹಿಡಿದು ತೆಗೆದುಹಾಕಿದವನು ನಾನೇ. ಕಾರಣ ಬರೆಯಲಿಲ್ಲ. ಹತ್ತಾರು ಜನ ಹೆಬ್ಬೆರಳು ಎತ್ತಿದರು. ಲೆಕ್ಕದಲ್ಲಿ ಮೋಸವೇನೂ ಇರಲಿಲ್ಲ, ಬರೆದಿಡುವ ಸೋಮಾರಿತನವಷ್ಟೇ. ಅದನ್ನಾದರೂ ಹೇಳಬಹುದಿತ್ತು.

ಆರು ತಿಂಗಳ ನಂತರ ಅವರ ಮಾವನವರಿಗೆ ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ಓ ನೆಗೆಟಿವ್ ರಕ್ತ ಬೇಕಾಯಿತು. ನಮ್ಮ ಬಳಗದಲ್ಲಿ ಆ ಗುಂಪಿನ ರಕ್ತದವರು ಐದು ಜನರಿದ್ದಾರೆ, ಒಬ್ಬರಂತೂ ಆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ. ಕೇಳಲು ಅವರಿಗೆ ಜಾಗವಿರಲಿಲ್ಲ. ಹೇಗೋ ಬೇರೆಡೆಯಿಂದ ಹೊಂದಿಸಿದರಂತೆ, ಮುದುಕರು ಉಳಿದರು. ಸುದ್ದಿ ನನಗೆ ತಿಳಿದದ್ದು ಎರಡು ವಾರ ಕಳೆದ ಮೇಲೆ, ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಮೂರನೆಯವರಿಂದ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಂದಿನಿಂದ ಈ ಬ್ಲಾಕ್ ಎಂಬ ಗುಂಡಿಯ ಬಗ್ಗೆ ಯೋಚಿಸುತ್ತಿದ್ದೇನೆ. ಎರಡು ಬೇರೆ ಬೇರೆ ಕೆಲಸಗಳಿಗೆ ನಾವು ಒಂದೇ ಮಾತು ಬಳಸುತ್ತೇವೆ. ಒಂದು, ನನ್ನ ಕಿವಿ ಮುಚ್ಚಿಕೊಳ್ಳುವುದು. ಇನ್ನೊಂದು, ಇನ್ನೊಬ್ಬರನ್ನು ಜಗಲಿಯಿಂದ ಇಳಿಸುವುದು. ಮೊದಲನೆಯದಕ್ಕೆ ನಾನು ಯಾರಿಗೂ ಕಾರಣ ಕೊಡಬೇಕಿಲ್ಲ. ನಮ್ಮ ಆಫೀಸಿನ ಹುಡುಗಿಯೊಬ್ಬಳಿಗೆ ಹಳೆಯ ಪರಿಚಯದವನೊಬ್ಬ ರಾತ್ರಿಯೆಲ್ಲ ಮೆಸೇಜ್ ಹಾಕುತ್ತಿದ್ದ. ಅವಳು ಬ್ಲಾಕ್ ಮಾಡಿದಳು. ಅವಳ ಸ್ಟೇಟಸ್ಸು, ಕೊನೆಯ ಬಾರಿ ಬಂದ ವೇಳೆ, ಎಲ್ಲವೂ ಅವನಿಗೆ ಮರೆಯಾಯಿತು. ಇಂಥ ಗುಂಡಿ ಬಲವಾಗಿಯೇ ಇರಬೇಕು. 2024ರ ನವೆಂಬರಿನಲ್ಲಿ ಎಕ್ಸ್ ಸಂಸ್ಥೆ ನಿಯಮ ಬದಲಿಸಿ, ಬ್ಲಾಕ್ ಆದವರೂ ಸಾರ್ವಜನಿಕ ಪೋಸ್ಟ್‌ಗಳನ್ನು ನೋಡಬಹುದು, ಪ್ರತಿಕ್ರಿಯಿಸುವಂತಿಲ್ಲ ಎಂದಿತು. ಹೇಗಿದ್ದರೂ ಬೀದಿಯಲ್ಲಿ ಆಡಿದ ಮಾತಲ್ಲವೇ ಎಂಬುದು ಅದರ ವಾದ. ಬೆನ್ನು ಹತ್ತಿದವನಿಗೆ ನೋಟವೊಂದೇ ಸಾಕು ಎಂಬುದನ್ನು ಆ ವಾದ ಮರೆಯುತ್ತದೆ.

ಆದರೆ ವಾಟ್ಸ್‌ಆ್ಯಪ್‌ನಲ್ಲಿ ನಾನು ಒಬ್ಬರನ್ನು ಬ್ಲಾಕ್ ಮಾಡಿದರೂ, ಇಬ್ಬರೂ ಇರುವ ಬಳಗದಲ್ಲಿ ಅವರ ಮಾತು ನನಗೆ ಕಾಣುತ್ತಲೇ ಇರುತ್ತದೆ, ನನ್ನದು ಅವರಿಗೆ. ದಿನಕ್ಕೆ ಇಪ್ಪತ್ತು ಫಾರ್ವರ್ಡ್ ಹಾಕುವ ಹಿರಿಯರೊಬ್ಬರನ್ನು ಬ್ಲಾಕ್ ಮಾಡಿ ಮರುದಿನ ಬೆಳಗ್ಗೆ ಅವರದೇ ‘ಶುಭೋದಯ’ ಬಳಗದಲ್ಲಿ ಕಂಡಾಗ ನನಗೆ ಇದು ಗೊತ್ತಾಯಿತು. ಆಗ ಸಿಟ್ಟು ಬಂದಿತ್ತು. ಈಗ ಅರ್ಧ ಸರಿ ಎನಿಸುತ್ತದೆ. ಅವರ ಮಾತು ನನ್ನ ಕಣ್ಣಿಗೆ ಮಾತ್ರ ಕಾಣದಂತೆ ಮಡಿಸಿಡುವ ಸೌಲಭ್ಯ ಅಲ್ಲಿರಬೇಕಿತ್ತು. ಅದಿಲ್ಲದ್ದಕ್ಕೇ ಜನ ಅಡ್ಮಿನ್ ಬಳಿ ಬಂದು ‘ಅವರನ್ನು ತೆಗೆಯಿರಿ’ ಎನ್ನುತ್ತಾರೆ. ತನ್ನ ಕಿವಿಯ ಸಮಸ್ಯೆಗೆ ಇನ್ನೊಬ್ಬರ ಕುರ್ಚಿ ಹೋಗುತ್ತದೆ.

ಕಲ್ಯಾಣದಿಂದ ಬರುವ ಫಾಸ್ಟ್ ಲೋಕಲ್‌ಗಳಲ್ಲಿ ಬಾಗಿಲಿಗೇ ಅಂಟಿ ನಿಲ್ಲುವ ಗುಂಪುಗಳಿರುತ್ತವೆ. ದಿವಾದಲ್ಲಿ ಹತ್ತಲು ಬಂದವರಿಗೆ ದಾರಿ ಬಿಡುವುದಿಲ್ಲ. ಭಜನೆ ಹಿಡಿಸದಿದ್ದರೆ ಬೇರೆ ಡಬ್ಬಿಗೆ ಹೋಗಬಹುದು, ಅದು ನನ್ನ ಇಷ್ಟ. ಹತ್ತುವವರನ್ನು ತಡೆಯಲು ಇವರು ಯಾರು ಎಂದು ಎಷ್ಟು ಸಲ ಗೊಣಗಿದ್ದೇನೆ! ಬಳಗದ ಬಾಗಿಲಲ್ಲಿ ನಾನೂ ಹಾಗೇ ನಿಂತಿದ್ದೆ.

ಈ ನೆಲಕ್ಕೆ ಬಹಿಷ್ಕಾರ ಹೊಸದಲ್ಲ. 1949ರಲ್ಲಿ ಆಗಿನ ಮುಂಬಯಿ ಪ್ರಾಂತ ಸಮುದಾಯದಿಂದ ಹೊರಹಾಕುವುದನ್ನು ತಡೆಯುವ ಕಾಯ್ದೆ ತಂದಿತು. ಆಗ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಕೂಡ ಅದೇ ಪ್ರಾಂತದಲ್ಲಿದ್ದವು. ಹಾಗಾಗಿ ಅದು ನಮ್ಮ ಅಜ್ಜಂದಿರ ಕಾಯ್ದೆಯೂ ಹೌದು. ದಾವೂದಿ ಬೊಹ್ರಾ ಧರ್ಮಗುರುಗಳ ಅರ್ಜಿಯ ಮೇಲೆ 1962ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಜಾತಿ ಪಂಚಾಯಿತಿಗಳ ಕಾಟದ ವಿರುದ್ಧ ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರ ತಡೆಯ ಹೊಸ ಕಾಯ್ದೆ ಮಾಡಿತು. ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಫೋನಿನ ಬಳಗದಿಂದ ತೆಗೆಯುವುದನ್ನು ಅದಕ್ಕೆ ಸಮ ಎನ್ನುತ್ತಿಲ್ಲ. ಆದರೆ ಪರವೂರಿನಲ್ಲಿರುವವನಿಗೆ ರಕ್ತ, ಬಾಡಿಗೆ ಮನೆ, ಸಾವಿನ ಸುದ್ದಿ ಎಲ್ಲ ಬರುವುದು ಈಗ ಅದರಲ್ಲೇ.

ಇನ್ನು ಆ ಕೇಸಿನ ಹೆದರಿಕೆ. ಗೋಂದಿಯಾದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಪೂರ್ವಯೋಜಿತ ಸಮಾನ ಉದ್ದೇಶವಿಲ್ಲದಿದ್ದರೆ ಸದಸ್ಯನ ಆಕ್ಷೇಪಾರ್ಹ ಮಾತಿಗೆ ಅಡ್ಮಿನ್ ಹೊಣೆಯಲ್ಲ ಎಂದಿದೆ. ಸದಸ್ಯರನ್ನು ಸೇರಿಸುವುದು, ತೆಗೆಯುವುದು, ಅಡ್ಮಿನ್‌ಗೆ ಇರುವುದು ಹೆಚ್ಚುಕಡಿಮೆ ಇಷ್ಟೇ ಅಧಿಕಾರ ಎಂದೂ ಹೇಳಿದೆ. ಲೆಕ್ಕ ಕೇಳುವುದು ಆಕ್ಷೇಪಾರ್ಹವಂತೂ ಅಲ್ಲವೇ ಅಲ್ಲ.

ಹಾಗಾಗಿ ನಮ್ಮ ಬಳಗದಲ್ಲಿ ಈಗ ಹೀಗೆ ಮಾಡಿದ್ದೇವೆ: ಯಾರನ್ನಾದರೂ ತೆಗೆಯಬೇಕಾದರೆ ಮೂವರೂ ಒಪ್ಪಬೇಕು, ಕಾರಣವನ್ನು ಅವರಿಗೇ ಬರೆದು ತಿಳಿಸಬೇಕು. ಮೂವತ್ತು ದಿನ ಕಳೆದರೆ ಕೇಳದೆಯೇ ಮತ್ತೆ ಸೇರಿಸಬೇಕು. ಹೆಣ್ಣುಮಕ್ಕಳಿಗೆ ಕಿರುಕುಳ ಕೊಟ್ಟವರಿಗೆ ಮಾತ್ರ ಈ ಮೂವತ್ತು ದಿನದ ರಿಯಾಯಿತಿ ಇಲ್ಲ. ಅಡ್ಮಿನ್‌ಗಳ ಮೇಲಿನ ದೂರನ್ನು ಅಡ್ಮಿನ್ ಅಲ್ಲದ ಇಬ್ಬರು ಹಿರಿಯರು ನೋಡುತ್ತಾರೆ. ಒಬ್ಬರು ಆ ಶುಭೋದಯದವರೇ. ಬ್ಲಾಕ್ ತೆಗೆದು ಅವರಿಗೆ ಫೋನು ಮಾಡಬೇಕಾಗಿ ಬಂತು.

ಹಣದ ಲೆಕ್ಕವನ್ನು ಕಳೆದ ಭಾನುವಾರ ಬಳಗದಲ್ಲಿ ಹಾಕಿದೆ. ಉಲ್ಲಾಸನಗರಕ್ಕೂ ಫೋನು ಮಾಡಿ ತಪ್ಪಾಯಿತೆಂದೆ. ಅವರು ಜಗಳವಾಡಲಿಲ್ಲ. ‘ಲೆಕ್ಕ ನನಗೂ ಒಂದು ಪ್ರತಿ ಕಳಿಸಿ’ ಎಂದರು. ಕಳಿಸಿದ್ದೇನೆ. ಮತ್ತೆ ಸೇರಿಸಲೇ ಎಂದು ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.