ಉಪಗ್ರಹ ಯುಗದಲ್ಲಿ ನಕ್ಷತ್ರಗಳ ಲೆಕ್ಕ

ಸರಕು ಬೇರೆ, ಅದನ್ನು ಸಾಗಿಸುವ ವಾಹನ ಬೇರೆ ಎಂಬುದು ವ್ಯಾಪಾರದ ಸಾಮಾನ್ಯ ರೂಢಿ. ಈ ರೂಢಿಗೆ ಹೊರತಾದ ಒಂದು ವ್ಯವಹಾರವೆಂದರೆ ಯಾಟ್ ಎಂದು ಕರೆಯಲಾಗುವ ಹಾಯಿನೌಕೆಗಳ ರವಾನೆ. ಇಲ್ಲಿ ಸರಕೇ ವಾಹನ. ದಕ್ಷಿಣ ಆಫ್ರಿಕದ ಕೇಪ್ ಟೌನ್‌ನಲ್ಲಿಯೂ ಫ್ರಾನ್ಸಿನ ಲಾ ರೊಶೆಲ್ ಬಂದರಿನ ಆಸುಪಾಸಿನಲ್ಲಿಯೂ ತಯಾರಾಗುವ ಅನೇಕ ನೌಕೆಗಳು ತಮ್ಮದೇ ಹಾಯಿಗಳನ್ನು ಬಿಚ್ಚಿಕೊಂಡು ಅಟ್ಲಾಂಟಿಕ್ ಸಾಗರವನ್ನು ದಾಟಿ, ಕೆರಿಬಿಯನ್ ದ್ವೀಪಗಳ ಮಾಲೀಕರನ್ನೂ ಬಾಡಿಗೆ ಸಂಸ್ಥೆಗಳನ್ನೂ ಸೇರುತ್ತವೆ. ಈ ಕೆಲಸಕ್ಕೆಂದೇ ವೃತ್ತಿನಿರತ ನಾವಿಕರಿದ್ದಾರೆ.

ನೌಕೆಯನ್ನು ದೊಡ್ಡ ಹಡಗಿನ ಮೇಲೆ ಹೇರಿ ಕಳುಹಿಸುವ ಮಾರ್ಗವೂ ಉಂಟು. ಎರಡರಲ್ಲಿ ಯಾವುದು ಲಾಭಕರ ಎಂಬುದು ಲೆಕ್ಕಾಚಾರದ ವಿಷಯ. ಒಂದು ಕಡೆ ಹಡಗಿನ ಸಾಗಣೆ ದರ. ಇನ್ನೊಂದು ಕಡೆ ನಾವಿಕರ ಸಂಭಾವನೆ, ಆಹಾರ, ಇಂಧನ, ವಿಮೆ ಹಾಗೂ ಗಿರಾಕಿಯ ಕೈ ಸೇರುವ ಮೊದಲೇ ಸಾವಿರಾರು ಮೈಲಿ ಓಡಿದ ನೌಕೆಯ ಸವಕಳಿ. ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಸುಮಾರು 2,700 ನಾಟಿಕಲ್ ಮೈಲಿ. ವಾಣಿಜ್ಯ ಮಾರುತಗಳು ಕೈಹಿಡಿದರೆ ಮೂರು ವಾರಗಳ ಆಸುಪಾಸಿನ ಪಯಣ. ಚಂಡಮಾರುತಗಳ ಕಾಲವಾದ ಜೂನ್‌ನಿಂದ ನವೆಂಬರ್‌ವರೆಗಿನ ಅವಧಿ ಮುಗಿಯುತ್ತ ಬಂದಾಗಲೇ ಹೆಚ್ಚಿನವರು ಹೊರಡುತ್ತಾರೆ. ಗಿರಾಕಿಯ ಅವಸರಕ್ಕಿಂತ ಋತುವಿನ ಮಾತಿಗೆ ಇಲ್ಲಿ ಹೆಚ್ಚಿನ ಬೆಲೆ.

ಸಾಗರದ ನಡುವೆ ನೌಕೆ ಎಲ್ಲಿದೆ ಎಂಬುದನ್ನು ಇಂದು ಜಿಪಿಎಸ್ ಉಪಕರಣ ಕೆಲವೇ ಮೀಟರುಗಳ ನಿಖರತೆಯಿಂದ ಹೇಳುತ್ತದೆ. ಅಷ್ಟಿದ್ದೂ ಅನುಭವಿ ನಾವಿಕರಲ್ಲಿ ಹಲವರು ಸೆಕ್ಸ್‌ಟೆಂಟ್ ಎಂಬ ಹಳೆಯ ಕೋನಮಾಪಕವನ್ನು ಜೊತೆಗೆ ಒಯ್ಯುತ್ತಾರೆ. ಇದನ್ನು ಹಳೆಯದರ ವ್ಯಾಮೋಹವೆಂದು ತಳ್ಳಿಹಾಕುವುದು ಸುಲಭ. ಆದರೆ ಲೆಕ್ಕಪತ್ರ ಬಲ್ಲ ವರ್ತಕನಿಗೆ ಇದರಲ್ಲಿ ಬೇರೆಯೇ ಅರ್ಥ ಕಾಣಬೇಕು.

ವಿಧಾನ ಮತ್ತು ಅದರ ಬೆಲೆ

ಸೆಕ್ಸ್‌ಟೆಂಟ್‌ನಿಂದ ಸೂರ್ಯ, ಚಂದ್ರ, ಗ್ರಹ ಅಥವಾ ನಕ್ಷತ್ರವು ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂಬ ಕೋನವನ್ನು ಅಳೆಯಲಾಗುತ್ತದೆ. ಅಳೆದ ಕ್ಷಣವನ್ನು ಗಡಿಯಾರದಿಂದ ಗುರುತು ಮಾಡಿಕೊಂಡು, ನಾವಿಕ ಪಂಚಾಂಗದಲ್ಲಿ ಆ ಕ್ಷಣಕ್ಕೆ ಆ ಜ್ಯೋತಿಯ ಸ್ಥಾನವನ್ನು ನೋಡಿ, ನಕ್ಷೆಯ ಮೇಲೆ ಒಂದು ರೇಖೆಯನ್ನು ಎಳೆಯಲಾಗುತ್ತದೆ. ನೌಕೆ ಆ ರೇಖೆಯ ಮೇಲೆ ಎಲ್ಲಿಯೋ ಇರುತ್ತದೆ. ಎರಡನೆಯ ನಕ್ಷತ್ರ ಎರಡನೆಯ ರೇಖೆಯನ್ನು ಕೊಡುತ್ತದೆ. ಮೂರನೆಯದು ಮೊದಲೆರಡನ್ನು ಪರೀಕ್ಷಿಸುತ್ತದೆ. ಮೂರು ರೇಖೆಗಳು ಕೂಡಿ ಮೂಡಿಸುವ ತ್ರಿಕೋನ ಚಿಕ್ಕದಾದಷ್ಟೂ ಲೆಕ್ಕದ ಮೇಲೆ ಭರವಸೆ ಹೆಚ್ಚು.

ಈ ವಿಧಾನದ ಜೀವಾಳ ಗಡಿಯಾರ. ವೇಳೆಯಲ್ಲಿ 4 ಸೆಕೆಂಡು ತಪ್ಪಿದರೆ ಭೂಮಧ್ಯರೇಖೆಯ ಬಳಿ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರು, ತಪ್ಪಿದಂತೆ. ರೇಖಾಂಶವನ್ನು ಕಂಡುಹಿಡಿಯುವ ಉಪಾಯಕ್ಕಾಗಿ ಬ್ರಿಟಿಷ್ ಸಂಸತ್ತು 1714ರಲ್ಲಿ 20,000 ಪೌಂಡುಗಳವರೆಗೆ ಬಹುಮಾನ ಸಾರಿದ್ದು, ಬಡಗಿಯ ಮಗನಾದ ಜಾನ್ ಹ್ಯಾರಿಸನ್ ತನ್ನ ಬಾಳನ್ನೇ ನಿಖರ ಗಡಿಯಾರದ ತಯಾರಿಕೆಗೆ ಮುಡಿಪಿಟ್ಟಿದ್ದು ಈ ಕಾರಣದಿಂದಲೇ. ಉಪಗ್ರಹ ವ್ಯವಸ್ಥೆಯೂ ನಿಂತಿರುವುದು ಗಡಿಯಾರದ ಮೇಲೆಯೇ. ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ ನಿಯಂತ್ರಣ ಕೇಂದ್ರವುಳ್ಳ ಭಾರತದ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹದಲ್ಲಿ ಮೂರು ಪರಮಾಣು ಗಡಿಯಾರಗಳೂ ಕೆಟ್ಟ ಸಂಗತಿ 2017ರಲ್ಲಿ ಬೆಳಕಿಗೆ ಬಂದಿತು. ಅದರ ಬದಲಿಗೆ ಅದೇ ವರ್ಷ ಹಾರಿಸಿದ ಉಪಗ್ರಹವೂ ನಿಗದಿತ ಕಕ್ಷೆ ಸೇರಲಿಲ್ಲ. 2018ರ ಏಪ್ರಿಲ್‌ನಲ್ಲಿ ಹಾರಿಸಿದ್ದು ಆ ಸ್ಥಾನವನ್ನು ತುಂಬಿತು. ಸಾಧನ ಎಷ್ಟೇ ಉನ್ನತವಾಗಿರಲಿ, ಕೆಡುವುದು ಅದರ ಸ್ವಭಾವ.

ಕೆಡುವುದಕ್ಕಿಂತ ಅಪಾಯಕಾರಿಯಾದದ್ದು ಸುಳ್ಳು ಹೇಳುವುದು. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿದ್ದ 20ಕ್ಕೂ ಹೆಚ್ಚು ಹಡಗುಗಳ ಉಪಕರಣಗಳು, ಅವು ದಡದ ಮೇಲಿನ ವಿಮಾನ ನಿಲ್ದಾಣದಲ್ಲಿವೆ ಎಂದು ತೋರಿಸಿದವು. ಯಾರೋ ನಕಲಿ ಸಂಕೇತಗಳನ್ನು ಬಿತ್ತರಿಸಿದ್ದೇ ಇದಕ್ಕೆ ಕಾರಣವೆಂದು ತಜ್ಞರು ಶಂಕಿಸಿದರು. ಕಿಟಕಿಯಾಚೆ ನೀರು ಕಾಣುವಾಗ ಈ ಸುಳ್ಳು ಬಯಲಾಯಿತು. ನಡುಸಾಗರದಲ್ಲಿ ಐದಾರು ಮೈಲಿಯ ಸುಳ್ಳು ಹೇಳಿದ್ದರೆ, ಬೇರೊಂದು ಮೂಲದಿಂದ ತಾಳೆ ನೋಡದವನಿಗೆ ಅದು ತಿಳಿಯುವ ಬಗೆಯೇ ಇರಲಿಲ್ಲ. ನಕ್ಷತ್ರಕ್ಕೆ ನಕಲಿ ಸಂಕೇತ ಕಳುಹಿಸುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ಅಮೆರಿಕದ ನೌಕಾ ಅಕಾಡೆಮಿ ಒಮ್ಮೆ ಕೈಬಿಟ್ಟಿದ್ದ ಈ ಪಾಠವನ್ನು 2015ರಲ್ಲಿ ಪುನಃ ಆರಂಭಿಸಿದ್ದು ಗಮನಾರ್ಹ.

ಹಳೆಯದೋ ಹೊಸದೋ ಎಂಬ ವಾದ

ಹಳೆಯ ವಿಧಾನವೇ ಶ್ರೇಷ್ಠವೆಂದು ಇದರಿಂದ ತೀರ್ಮಾನಿಸುವುದು ತಪ್ಪಾದೀತು. ಜಿಪಿಎಸ್ ಬಳಸದೆ, ಸೆಕ್ಸ್‌ಟೆಂಟ್ ಮತ್ತು ಕಾಗದದ ನಕ್ಷೆಗಳ ಆಧಾರದಿಂದ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯನ್ನು 2022ರ ಸೆಪ್ಟೆಂಬರ್‌ನಲ್ಲಿ ಹೊರಟು 2023ರ ಏಪ್ರಿಲ್‌ನಲ್ಲಿ ಗೆದ್ದವರು ದಕ್ಷಿಣ ಆಫ್ರಿಕದ ಕರ್ಸ್ಟನ್ ನೊಯ್‌ಶೇಫರ್. ನೌಕೆಗಳನ್ನು ತಲುಪಿಸುವ ವೃತ್ತಿಯಲ್ಲಿ ಪಳಗಿದವರು ಅವರು. ಎರಡನೆಯ ಸ್ಥಾನ ಪಡೆದವರು ಭಾರತೀಯ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ. 2022ರ ನವೆಂಬರ್‌ನಲ್ಲಿ ಸಹಸ್ಪರ್ಧಿ ತಾಪಿಯೊ ಲೆಹ್ಟಿನೆನ್ ಅವರ ನೌಕೆ ಮುಳುಗಿದಾಗ, ರಕ್ಷಣೆಗೆ ಧಾವಿಸಿದ ನೊಯ್‌ಶೇಫರ್‌ರಿಗೆ ಮೊಹರು ಮಾಡಿದ ಜಿಪಿಎಸ್ ಬಿಚ್ಚಲು ಅನುಮತಿ ದೊರೆಯಿತು. ಜೀವ ಉಳಿಸುವ ಹೊತ್ತಿನಲ್ಲಿ ನಿಖರವಾದದ್ದನ್ನೇ ಬಳಸಬೇಕು. ಕೆಲಸ ಮುಗಿದ ಮೇಲೆ ಅವರು ಮತ್ತೆ ಸೆಕ್ಸ್‌ಟೆಂಟ್ ಹಿಡಿದರು. ಎರಡನ್ನೂ ಬಲ್ಲವರಿಗೆ ಮಾತ್ರ ಆಯ್ಕೆಯ ಸ್ವಾತಂತ್ರ್ಯವಿರುತ್ತದೆ. ಒಂದನ್ನೇ ಬಲ್ಲವರು ಅದರ ಅಧೀನರು.

ಇಂದು ವರ್ತಕರ ಸ್ಥಿತಿ ಈ ಎರಡನೆಯ ವರ್ಗಕ್ಕೆ ಹತ್ತಿರವಾಗುತ್ತಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ನಂತರ ರಿಟರ್ನು, ಇ-ವೇ ಬಿಲ್ಲು, ತೆರಿಗೆ ಜಮೆ ಎಲ್ಲವೂ ಅಂತರ್ಜಾಲವನ್ನು ಅವಲಂಬಿಸಿವೆ. ದಾಸ್ತಾನು ಎಷ್ಟಿದೆ ಎಂದು ಕೇಳಿದರೆ ಗುಮಾಸ್ತರು ಗೋದಾಮಿನತ್ತ ನೋಡದೆ ಪರದೆಯತ್ತ ನೋಡುತ್ತಾರೆ. 2024ರ ಜುಲೈ 19ರಂದು ಭದ್ರತಾ ತಂತ್ರಾಂಶವೊಂದರ ದೋಷದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಗಣಕಯಂತ್ರಗಳು ಸ್ತಬ್ಧವಾದಾಗ, ಭಾರತದ ಕೆಲವು ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಲಾಯಿತು. ಅಂಥ ದಿನ ಸಣ್ಣ ಕಾರ್ಖಾನೆಯೊಂದಕ್ಕೆ ಒದಗಿದರೆ, ಯಾರಿಂದ ಎಷ್ಟು ಬಾಕಿ ಬರಬೇಕು, ಯಾವ ಕಚ್ಚಾ ಸಾಮಗ್ರಿ ಎಷ್ಟು ದಿನಕ್ಕೆ ಸಾಕು ಎಂದು ಹೇಳಬಲ್ಲವರು ಅಲ್ಲಿ ಎಷ್ಟು ಮಂದಿ?

ಸೆಕ್ಸ್‌ಟೆಂಟ್ ಮತ್ತು ಅದರ ತರಬೇತಿಗೆ ತಗಲುವ ಹಣ ದಂಡವೆಂಬ ಆಕ್ಷೇಪ ಉಂಟು. ನೌಕೆಯ ಬೆಲೆಯ ಮುಂದೆ ಆ ವೆಚ್ಚ ಅತ್ಯಲ್ಪ. ನಿಜವಾದ ವೆಚ್ಚವಿರುವುದು ಅಭ್ಯಾಸದಲ್ಲಿ. ಯಂತ್ರ ಬಳಸಿದಷ್ಟೂ ಸವೆಯುತ್ತದೆ. ಕೌಶಲ ಬಳಸದಷ್ಟೂ ಸವೆಯುತ್ತದೆ. ಆದ್ದರಿಂದಲೇ ಶ್ರದ್ಧೆಯುಳ್ಳ ನಾವಿಕ ಜಿಪಿಎಸ್ ಸರಿಯಾಗಿರುವಾಗಲೂ ಮಧ್ಯಾಹ್ನದ ಸೂರ್ಯನನ್ನು ಅಳೆದು ಅಕ್ಷಾಂಶವನ್ನು ಕಂಡುಕೊಂಡು, ಎರಡನ್ನೂ ತಾಳೆ ನೋಡಿ ಲಾಗ್ ಪುಸ್ತಕದಲ್ಲಿ ದಾಖಲಿಸುತ್ತಾನೆ. ಉಪಕರಣ ಕೈಕೊಟ್ಟ ದಿನ ಅವನು ಹೊಸದಾಗಿ ಕಲಿಯಬೇಕಾಗಿಲ್ಲ. ಕೊನೆಯ ದಾಖಲೆಯಿಂದ ಮುಂದಕ್ಕೆ ವೇಗ, ದಿಕ್ಕು, ಸಮಯಗಳನ್ನು ಕೂಡಿಸಿ ಸಾಗಬಲ್ಲ.

ವರ್ತಕರೂ ಸಣ್ಣ ಉದ್ಯಮಿಗಳೂ ಅನುಸರಿಸಬಹುದಾದ ಕ್ರಮಗಳು ಸರಳವಾಗಿವೆ. ತಿಂಗಳಿಗೊಮ್ಮೆ ದಾಸ್ತಾನನ್ನು ಕೈಯಿಂದ ಎಣಿಸಿ ತಂತ್ರಾಂಶದ ಅಂಕಿಗೆ ತಾಳೆ ನೋಡುವುದು. ಬ್ಯಾಂಕ್ ತಾಳೆ ಪಟ್ಟಿಯನ್ನು ವರ್ಷಾಂತ್ಯದವರೆಗೆ ಮುಂದೂಡದಿರುವುದು. ಬಾಕಿದಾರರಿಂದ ಕಾಲಕಾಲಕ್ಕೆ ಬಾಕಿಯ ದೃಢೀಕರಣ ಪಡೆಯುವುದು. ಲೆಕ್ಕದ ಪ್ರತಿಯನ್ನು ಅಂತರ್ಜಾಲಕ್ಕೆ ಹೊರತಾದ ಕಡೆ ಇರಿಸಿ, ಅದು ನಿಜಕ್ಕೂ ತೆರೆದುಕೊಳ್ಳುವುದೇ ಎಂದು ಪರೀಕ್ಷಿಸುವುದು. ಗಿರಾಕಿಗಳ, ಪೂರೈಕೆದಾರರ ಹೆಸರು, ದೂರವಾಣಿ, ಬಾಕಿಗಳ ಮುದ್ರಿತ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಗೆದಿಡುವುದು. ಎಲ್ಲಕ್ಕಿಂತ ಮಿಗಿಲಾಗಿ, ಪರದೆಯ ಅಂಕಿ ಎಲ್ಲಿಂದ ಬಂದಿತೆಂದು ವಿವರಿಸಬಲ್ಲ ಒಬ್ಬರಾದರೂ ಸಂಸ್ಥೆಯಲ್ಲಿ ಇರುವಂತೆ ನೋಡಿಕೊಳ್ಳುವುದು.

ವಾಣಿಜ್ಯ ಸಂಸ್ಥೆಗಳು ಹೊಸ ತಂತ್ರಾಂಶದ ತರಬೇತಿ ಶಿಬಿರಗಳನ್ನು ಉತ್ಸಾಹದಿಂದ ನಡೆಸುತ್ತಿರುವುದು ಸ್ವಾಗತಾರ್ಹ. ಅದೇ ಶಿಬಿರದ ಅರ್ಧ ದಿನವನ್ನು ತಂತ್ರಾಂಶವಿಲ್ಲದ ದಿನದ ವ್ಯವಹಾರಕ್ಕೆ ಮೀಸಲಿಡುವುದು ಅಗತ್ಯ. ತಲುಪಿಸುವ ಹೊಣೆ ಹೊತ್ತವನಿಗೆ ಉಪಕರಣ ಕೆಟ್ಟಿತ್ತೆಂಬ ಸಮಜಾಯಿಷಿ ಗಿರಾಕಿಯ ಮುಂದೆ ನಡೆಯದು. ಇದು ಅಟ್ಲಾಂಟಿಕ್ ದಾಟುವ ನಾವಿಕನಿಗೆ ಎಷ್ಟು ನಿಜವೋ, ಪೇಟೆಯ ಅಂಗಡಿಗೂ ಕೈಗಾರಿಕಾ ಪ್ರದೇಶದ ಷೆಡ್ಡಿಗೂ ಅಷ್ಟೇ ನಿಜ.